ಅಳತೆಗೆ ಕೊಟ್ಟ ರಕ್ತ

ಶಿಗ್ಗಾಂವಿಯ ಮಕ್ಕಳ ಡಾಕ್ಟರು ಫೋನ್ ಮಾಡಿದಾಗ ನಾನು ಫ್ರಿಜ್ಜಿನ ಮುಂದೆ ನಿಂತು ಬಯ್ಯುತ್ತಿದ್ದೆ. ಲ್ಯಾಬಿನ ಫ್ರಿಜ್ಜಿನಲ್ಲಿ ಯಾರೋ ಮತ್ತೆ ಊಟದ ಡಬ್ಬಿ ಇಟ್ಟಿದ್ದರು. ಅದಕ್ಕೆ ಜಾಗ ಮಾಡಲು ನನ್ನ ಹೊಸ ಆ್ಯಂಟಿಬಾಡಿಯ ಸೀಸೆಯನ್ನು ಹಿಂದಿನ ಗೋಡೆಗೆ ತಳ್ಳಿದ್ದರು. ಆ ಗೋಡೆಗೆ ತಾಗಿದ್ದೆಲ್ಲ ಹೆಪ್ಪುಗಟ್ಟುತ್ತದೆ, ಒಮ್ಮೆ ಹೆಪ್ಪುಗಟ್ಟಿದ ಆ್ಯಂಟಿಬಾಡಿಯನ್ನು ನಂಬುವ ಹಾಗಿಲ್ಲ. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀರಾಗಿಯೇ ಇತ್ತು. ಇದ್ದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಡಾಕ್ಟರು ಕೇಳಿದ್ದು ಅದೇ ಸೀಸೆಯನ್ನು. "ನಿಮ್ಮಲ್ಲಿ ಸಿಡಿ ಹದಿನೆಂಟು ಐತೇನ್ರಿ?"

"ಐತ್ರಿ ಸರ್, ಹೊಸಾದು ಬಂದೈತಿ."

"ಹಂಗಾರ ಒಂದು ಕೂಸಿನ ರಕ್ತ ಕಳಸ್ತೇನಿ. ಹಿರೇಬೆಂಡಿಗೇರಿದು. ತಿಂಗಳ ದಾಟಿದ್ರೂ ಹೊಕ್ಕಳ ಉದುರಿರಲಿಲ್ಲ. ಸುತ್ತ ಕೆಂಪಗಾಗಿ ಬಾತಿತ್ತು, ಒಂದು ಹನಿ ಕೀವಿಲ್ಲ. ಬಿಳಿ ಕಣ ನೋಡಿದ್ರ ಮಿತಿ ಮೀರಿ ಏರ್ಯಾವ." ಇನ್ನೂ ಒಂದು ಮಾತು ಸೇರಿಸಿದರು: "ಇದರ ಮೊದಲಿನ ಗಂಡು ಕೂಸೂ ಹಿಂಗ ಆಗಿ ಹೋತು."

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣಗಳನ್ನು ಯಂತ್ರಕ್ಕೆ ಹಾಕಿ ನೋಡುವವಳು. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಟ್ಯೂಬುಗಳೂ ನಮ್ಮಲ್ಲಿಗೇ ಬರುತ್ತವೆ. ಹೆಚ್ಚಿನವು ರಕ್ತದ ಕ್ಯಾನ್ಸರಿನ ಅನುಮಾನದವು. ಸಿಡಿ ಹದಿನೆಂಟನ್ನೇ ಹುಡುಕಿಕೊಂಡು ಬರುವ ಕೂಸು ಅಪರೂಪ.

ಸಿಡಿ ಹದಿನೆಂಟು ಎಂದರೆ ಬಿಳಿ ರಕ್ತಕಣದ ಮೈಮೇಲಿರುವ ಒಂದು ಪ್ರೋಟೀನು; ನನ್ನ ಸೀಸೆಯಲ್ಲಿದ್ದದ್ದು ಅದನ್ನು ಪತ್ತೆಹಚ್ಚುವ ಆ್ಯಂಟಿಬಾಡಿ. ಬಿಳಿ ಕಣ ರಕ್ತದಲ್ಲಿ ಹರಿದು ಹೋಗುತ್ತಿರುತ್ತದೆ. ಎಲ್ಲೋ ಗಾಯವಾದರೆ, ಸೋಂಕು ತಗುಲಿದರೆ, ಅದು ರಕ್ತನಾಳದ ಗೋಡೆ ಹಿಡಿದು ನಿಂತು ಅಲ್ಲಿಂದ ಹೊರಗೆ ನುಸುಳಬೇಕು. ಬಸ್ಸಿನಿಂದ ಇಳಿಯುವವರಿಗೆ ಬಾಗಿಲ ಪಕ್ಕದ ಸರಳು ಬೇಕಾದ ಹಾಗೆ ಅದಕ್ಕೆ ಈ ಪ್ರೋಟೀನು ಬೇಕು. ಅದಿಲ್ಲದೆ ಹುಟ್ಟಿದ ಕೂಸಿನಲ್ಲಿ ಬಿಳಿ ಕಣಗಳು ರಕ್ತದಲ್ಲೇ ತುಂಬಿ ತುಳುಕುತ್ತವೆ, ಗಾಯದ ಹತ್ತಿರ ಒಂದೂ ಇಳಿಯುವುದಿಲ್ಲ. ಅದಕ್ಕೇ ಕೀವಾಗುವುದಿಲ್ಲ. ಹೊಕ್ಕಳಬಳ್ಳಿ ಒಣಗಿ ಕಳಚುವುದಕ್ಕೂ ಇದೇ ಕಣಗಳು ಬೇಕು, ಅದಕ್ಕೇ ಅದು ಉದುರುವುದಿಲ್ಲ.

ಔಷಧಿಯಿಂದ ಈ ಸಲದ ಸೋಂಕು ಇಳಿದಿತ್ತು. ಡಾಕ್ಟರು ಕೂಸನ್ನು ಮನೆಗೆ ಕಳಿಸಿದ್ದರು. ಆದರೆ ಮುಂದಿನ ಸಲ ಹೀಗೇ ಇಳಿಯುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಆ ರೋಗವೇ ಹೌದಾದರೆ ಕೂಸನ್ನು ಬೇಗ ಬೆಂಗಳೂರಿಗೆ ಒಯ್ದು, ಬೇರೊಬ್ಬರ ಅಸ್ಥಿಮಜ್ಜೆ ಕೊಡಿಸುವುದೊಂದೇ ದಾರಿ.

ಅದಕ್ಕೆ ಅಡ್ಡ ನಿಂತವಳು ಕೂಸಿನ ಅಜ್ಜಿ, ತಂದೆಯ ತಾಯಿ. ಮೊದಲಿನ ಕೂಸನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೊತ್ತು ತಿರುಗುವಾಗ ಅದು ದಾರಿಯಲ್ಲೇ ತೀರಿಕೊಂಡಿತ್ತು. "ಖಾತ್ರಿ ಇದ್ರ ಹೇಳ್ರಿ, ಒಯ್ತೇವಿ. ಇರಬಹುದು ಅನ್ನೋ ಮಾತಿಗೆ ಈ ಕೂಸಿನ ಹೊಸ್ತಿಲಾ ದಾಟಸಂಗಿಲ್ಲ" ಎಂದು ಆಕೆ ಡಾಕ್ಟರಿಗೆ ಹೇಳಿಬಿಟ್ಟಿದ್ದಳು. ಆ ಮನೆಯಲ್ಲಿ ಆಕೆಯ ಮಾತನ್ನು ಮೀರುವವರಿರಲಿಲ್ಲ. ಅಂದರೆ ಖಾತ್ರಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮರುದಿನ, ಶಿಗ್ಗಾಂವಿಯ ನರ್ಸ್ ಕೂಸಿನ ಮನೆಗೇ ಹೋಗಿ ತೆಗೆದ ಎರಡು ಟ್ಯೂಬು ಬಂದವು. ಒಂದು ಕೂಸಿನದು, ಇನ್ನೊಂದು ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತ. ಇದು ನಮ್ಮ ಕಡ್ಡಾಯದ ಪದ್ಧತಿ. ಅದೇ ಹೊತ್ತಿಗೆ ತೆಗೆದು, ಅದೇ ಡಬ್ಬಿಯಲ್ಲಿ, ಅದೇ ಬಿಸಿಲಲ್ಲಿ ಬಂದಿರಬೇಕು. ಆಗ ಕೂಸಿನ ರಕ್ತದಲ್ಲಿ ಏನಾದರೂ ಕಡಿಮೆ ಕಂಡರೆ ಅದು ದಾರಿಯ ತಪ್ಪಲ್ಲ, ಕೂಸಿನದೇ ಎಂದು ತಿಳಿಯುತ್ತದೆ.

ರಕ್ತಕ್ಕೆ ಆ್ಯಂಟಿಬಾಡಿ ಹಾಕಿ ಕತ್ತಲಲ್ಲಿ ಇಟ್ಟೆ. ಈ ಆ್ಯಂಟಿಬಾಡಿ ಸಿಡಿ ಹದಿನೆಂಟಿಗೆ ಮಾತ್ರ ಹೋಗಿ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ, ಬೆಳಕು ಬಿದ್ದರೆ ಆ ಬಣ್ಣ ಮಾಸುತ್ತದೆ. ಆಮೇಲೆ ಕೆಂಪು ಕಣಗಳನ್ನು ಒಡೆದು, ತೊಳೆದು, ಉಳಿದ ಬಿಳಿ ಕಣಗಳನ್ನು ಯಂತ್ರಕ್ಕೆ ಕೊಟ್ಟೆ. ಯಂತ್ರದೊಳಗೆ ಕಣಗಳು ಒಂದೊಂದಾಗಿ ಲೇಸರ್ ಮುಂದೆ ಹಾದು ಹೋಗುತ್ತವೆ. ಎಷ್ಟು ಪ್ರೋಟೀನಿದೆಯೋ ಅಷ್ಟು ಹೊಳಪು. ಪರದೆಯ ಮೇಲೆ ಅವೆಲ್ಲ ಸೇರಿ ಒಂದು ಗುಡ್ಡವಾಗಿ ಮೂಡುತ್ತವೆ. ಗುಡ್ಡ ಬಲಕ್ಕಿದ್ದರೆ ಪ್ರೋಟೀನು ಸಾಕಷ್ಟಿದೆ, ಎಡಕ್ಕಿದ್ದರೆ ಇಲ್ಲ.

ಕೂಸಿನ ಗುಡ್ಡ ಎಡಗಡೆ, ಆ್ಯಂಟಿಬಾಡಿಯನ್ನೇ ಹಾಕದೆ ಹೋಲಿಕೆಗೆ ಇಟ್ಟ ಟ್ಯೂಬಿನ ಗುಡ್ಡಕ್ಕೆ ಹೆಚ್ಚುಕಡಿಮೆ ತಾಗಿಕೊಂಡು ನಿಂತಿತು. ಉತ್ತರ ಸಿಕ್ಕಿತಲ್ಲ ಎಂದುಕೊಂಡು ಕಂಟ್ರೋಲ್ ಟ್ಯೂಬು ಹಾಕಿದೆ. ಅದು ಬಲಕ್ಕೆ ಹೋಗಲಿಲ್ಲ. ನಡುವೆ ನಿಂತುಬಿಟ್ಟಿತು. ಆರೋಗ್ಯವಂತರಲ್ಲಿ ಇರಬೇಕಾದುದರ ಅರ್ಧ ಹೊಳಪು.

ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ಪರದೆ ನೋಡಿ ಕುರ್ಚಿ ಎಳೆದು ಕುಳಿತರು. "ಇದನ್ನ ಬರದು ಕೊಡಾಕ ಬರಂಗಿಲ್ಲವ್ವಾ. ಕಂಟ್ರೋಲೇ ಅರ್ಧ ಬಂದ ಮ್ಯಾಲೆ ಆ್ಯಂಟಿಬಾಡಿ ಸರಿ ಐತಿ ಅಂತ ಹೆಂಗ ಹೇಳೂದು?"

ನನಗೆ ಊಟದ ಡಬ್ಬಿ ಇಟ್ಟವರ ಮೇಲೆ ಸಿಟ್ಟು ಉಕ್ಕಿ ಬಂತು. ಬೇರೆ ಸೀಸೆ ಇರಲಿಲ್ಲ, ತರಿಸಲು ವಾರಗಳೇ ಬೇಕು. ಅಷ್ಟರಲ್ಲಿ ಕೂಸಿಗೆ ಇನ್ನೊಂದು ಜ್ವರ ಬಂದರೆ ಏನು ಗತಿ? ಸಹೋದ್ಯೋಗಿಗಳಿಗೆಲ್ಲ ಕೇಳುವ ಹಾಗೆ ನಾಲ್ಕು ಮಾತು ಆಡಿದೆ. ಆಡಿ ಮುಗಿದ ಮೇಲೆ, ಬಯ್ದರೆ ಸೀಸೆ ಸರಿಯಾಗುವುದಿಲ್ಲ ಎಂಬುದು ನೆನಪಾಗಿ ತೋಳು ಚಾಚಿ, "ನನ್ನ ರಕ್ತ ತೆಗೀರಿ" ಎಂದೆ.

ನನ್ನ ರಕ್ತಕ್ಕೆ ಅದೇ ಸೀಸೆಯ ಆ್ಯಂಟಿಬಾಡಿ ಹಾಕಿದೆ. ಗುಡ್ಡ ನೆಟ್ಟಗೆ ಬಲಕ್ಕೆ ಹೋಗಿ ನಿಂತಿತು. ಇನ್ನೊಬ್ಬರದನ್ನೂ ಹಾಕಿದೆ, ಅದೂ ಬಲಕ್ಕೇ. ಸೀಸೆ ಸರಿಯಿತ್ತು. ಹಾಗಾದರೆ ಕಂಟ್ರೋಲ್ ರಕ್ತವೇ ದಾರಿಯಲ್ಲಿ ಕೆಟ್ಟಿರಬೇಕೆಂದು, ಬಿಳಿ ಕಣಗಳ ಮೇಲಿರುವ ಬೇರೊಂದು ಪ್ರೋಟೀನನ್ನು ಅದರಲ್ಲಿ ನೋಡಿದೆ. ಅದು ತುಂಬು ಹೊಳಪಿನಲ್ಲಿತ್ತು. ರಕ್ತವೂ ಕೆಟ್ಟಿರಲಿಲ್ಲ.

ಆ್ಯಂಟಿಬಾಡಿ ಸರಿ, ರಕ್ತ ಸರಿ, ಯಂತ್ರ ಸರಿ. ತಲೆ ಕೆಟ್ಟು ಹೊರಗೆ ಹೋಗಿ ಚಹಾ ಕುಡಿದು ಬಂದೆ. ಬಂದು ಮತ್ತೆ ಪರದೆ ನೋಡುವಾಗ, ನಾನು ಕೇಳಬೇಕಾದ ಪ್ರಶ್ನೆಯನ್ನು ಇನ್ನೂ ಕೇಳಿಯೇ ಇಲ್ಲ ಎನ್ನಿಸಿತು. ಶಿಗ್ಗಾಂವಿಯ ದವಾಖಾನೆಗೆ ಫೋನ್ ಹಚ್ಚಿದೆ. ರಕ್ತ ತೆಗೆದ ನರ್ಸ್ ಎತ್ತಿದಳು.

"ಆರಾಮಿದ್ದವರದು ಅಂತ ಕಳಿಸೀಯಲ್ಲ, ಅದು ಯಾರದವಾ?"

"ಕೂಸಿನ ಸೋದರಮಾವಂದ್ರಿ ಅಕ್ಕಾರ. ನಾನ ಕೊಡ್ತೇನಿ ಅಂತ ಮೊದಲ ತೋಳ ಏರಿಸಿ ಕುಂತಿದ್ದೆ. ಅವರು ಬಿಡಲಿಲ್ಲ. ನಾ ಜೀವಂತ ಇರೂವಾಗ ನಮ್ಮ ಕೂಸಿಗೆ ಹೊರಗಿನವರ ರಕ್ತ ಯಾಕ ಅಂದ್ರು. ಕೂಸಿಗೆ ಏರಸ್ತಾರ ಅಂತ ತಿಳ್ಕೊಂಡಿದ್ರು ಕಾಣಸ್ತದ. ತಾಯಿ ಅಣ್ಣ, ಅವರದ ಹಕ್ಕು ಅಂತ ನಾನೂ ಸುಮ್ಮನಾದೆ."

ನಾನು ಅವಳನ್ನು ಬಯ್ಯಲಿಲ್ಲ. ನಮ್ಮ ಕಡೆ ಸೋದರಮಾವ ಎದ್ದು ನಿಂತ ಮೇಲೆ ಅವನನ್ನು ಕೂರಿಸುವವರು ಯಾರು? ಅವನು ಪ್ರೀತಿಯಿಂದಲೇ ಕೊಟ್ಟಿದ್ದ. ಆದರೆ ನಮಗೆ ಬೇಕಾಗಿದ್ದದ್ದು ಆ ಮನೆತನಕ್ಕೆ ಏನೂ ಸಂಬಂಧವಿಲ್ಲದವರ ರಕ್ತ.

"ಕೂಸಿನ ತಂದಿ ತಾಯಿ ಸಂಬಂಧದಾಗ ಮದವಿ ಆದವರೇನು?" ಎಂದು ಕೇಳಿದೆ.

"ಹೌದ್ರಿ. ಅಜ್ಜೀನ ತನ್ನ ತಮ್ಮನ ಮಗಳನ್ನ ಮಗಗ ತಂದುಕೊಂಡಾಳ."

ಈ ರೋಗ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡು ಕಡೆಯಿಂದಲೂ ದೋಷ ಬರಬೇಕು. ಒಂದೇ ಕಡೆಯಿಂದ ಬಂದವರು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ ಇರುತ್ತಾರೆ. ಅವರ ಬಿಳಿ ಕಣಗಳ ಮೇಲೆ ಪ್ರೋಟೀನು ಅರ್ಧ ಇರುತ್ತದೆ ಅಷ್ಟೇ. ಸೋದರಮಾವ ಅಂಥವನು. ನಾವು ಅರ್ಧದ ಕೋಲನ್ನು ಪೂರ್ತಿ ಎಂದುಕೊಂಡು ಅಳೆಯಲು ಹೊರಟಿದ್ದೆವು.

ಮೇಡಂಗೆ ಹೇಳಿದಾಗ ಅವರ ಮುಖ ಅರಳಿತು, ಕೂಡಲೇ ಗಂಭೀರವಾಯಿತು. "ಹೌದು ಅನಸ್ತದ. ಆದ್ರ ಅನಸ್ತದ ಅಂತ ಬರದ್ರ ಆ ಅಜ್ಜಿ ಕೇಳಂಗಿಲ್ಲ, ನಾನೂ ಸಹಿ ಮಾಡಂಗಿಲ್ಲ. ಕೂಸಿಂದು ಹೊಸ ರಕ್ತ, ತಂದಿ ತಾಯಿದು, ಹೊರಗಿನವರ ಒಂದು ಕಂಟ್ರೋಲು, ಎಲ್ಲಾ ಕೂಡೆ ಬರಬೇಕು."

ಸಂಜೆ ಮಕ್ಕಳ ಡಾಕ್ಟರು ಫೋನ್ ಮಾಡಿದರು. ದನಿ ಕುಗ್ಗಿತ್ತು. "ಮತ್ತ ಸೂಜಿ ಚುಚ್ಚಾಕ ಬಿಡಂಗಿಲ್ಲ ಅಂತಾರ್ರಿ. ಒಮ್ಮೆ ಕೊಟ್ಟೇವಿ, ಏನೂ ಹೇಳಲಿಲ್ಲ, ಇನ್ನ ಸಾಕು ಅಂದ್ಲಂತ ಅಜ್ಜಿ."

ಟ್ಯೂಬು ಬಂದರೆ ನೋಡುವುದು, ಬರದಿದ್ದರೆ ಕಾಯುವುದು, ಇಷ್ಟೇ ನಮ್ಮ ಕೆಲಸ. ರೋಗಿಯ ಮುಖ ಕಾಣುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅಂದು ಮನೆಗೆ ಹೋದರೂ ಎಡಕ್ಕೆ ಅಂಟಿದ ಆ ಗುಡ್ಡ ಕಣ್ಣಿಗೆ ಕಟ್ಟಿದಂತಿತ್ತು. ಉತ್ತರ ಅರ್ಧ ಗೊತ್ತಿದ್ದೂ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಮೇಡಂ ಮುಂದೆ ನಿಂತು, "ನಾನ ಹೋಗಿ ತರ್ತೇನ್ರಿ" ಎಂದೆ.

"ಸಿಟ್ಟು ಮಾಡ್ಕೊಂಡು ಬರಬ್ಯಾಡ" ಎಂದಷ್ಟೇ ಹೇಳಿದರು. ನನ್ನನ್ನು ಅವರು ಬಲ್ಲರು.

ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗಿ, ನರ್ಸನ್ನು ಕರೆದುಕೊಂಡು ಹಿರೇಬೆಂಡಿಗೇರಿ ಮುಟ್ಟಿದೆ. ಮನೆಯ ಪಡಸಾಲೆಯಲ್ಲಿ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಕೋಣೆಯ ಬಾಗಿಲಲ್ಲಿ ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ಎದೆಗವಚಿ ನಿಂತಿದ್ದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವೂ ಇಲ್ಲೇ. ನರ್ಸ್ ಮೊದಲೇ ಸುದ್ದಿ ಮುಟ್ಟಿಸಿದ್ದರಿಂದ ತಂದೆ, ಸೋದರಮಾವ ಇಬ್ಬರೂ ಹೊಲಕ್ಕೆ ಹೋಗದೆ ಕಾದಿದ್ದರು.

"ಕುಂದರ್ರಿ ಅಕ್ಕಾರ. ಚಾ ಕುಡದು ಹೋಗ್ರಿ. ರಕ್ತದ ಮಾತು ಬ್ಯಾಡ" ಎಂದಳು ಅಜ್ಜಿ, ಮೊರದಿಂದ ಕಣ್ಣೆತ್ತದೆ.

ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನ್ನೆಲ್ಲ ಬದಿಗಿಟ್ಟೆ. ಚಹಾ ಕುಡಿದೆ. ಆಮೇಲೆ ನರ್ಸಿನ ಕಡೆ ತೋಳು ಚಾಚಿ, "ಮೊದಲ ನಂದು ತಗೀವಾ" ಎಂದೆ. ಅವಳು ತೆಗೆದಳು. ಅಜ್ಜಿಯ ಕೈಯಲ್ಲಿ ಮೊರ ನಿಂತಿತು.

"ನಿಮ್ಮ ರಕ್ತ ನಮ್ಮ ಕೂಸಿಗೆ ಹಾಕ್ತೀರೇನು?"

"ಇಲ್ಲಬೇ. ಯಾರದೂ ಹಾಕಂಗಿಲ್ಲ. ಕೂಸಿಂದ ಪಕ್ಕದಾಗ ಇಟ್ಟು ನೋಡ್ತೇವಿ, ಅಳತೀಗೆ. ನಿಮ್ಮ ಮನಿಯವರದ ಇಟ್ರ ಅಳತಿ ತಪ್ಪತೈತಿ. ಅದಕ್ಕ ಹೋದ ಸಲ ಏನೂ ಹೇಳಾಕ ಆಗಲಿಲ್ಲ. ನಾ ನಿಮಗ ಏನೂ ಆಗಬೇಕಾದಾಕಿ ಅಲ್ಲ, ಅದಕ್ಕ ನಂದು ನಡೀತೈತಿ."

ಸೋದರಮಾವನ ಮುಖ ಬಿಳಚಿಕೊಂಡಿತು. "ಅಂದ್ರ ನಾ ಕೊಟ್ಟಿದ್ದಕ್ಕ ಕೂಸಿಗೆ ಧೋಕಾ ಆತೇನ್ರಿ?"

"ಇಲ್ಲೋ ತಮ್ಮಾ. ನೀ ಕೊಟ್ಟಿದ್ದಕ್ಕ ನಮಗ ದಾರಿ ಸಿಕ್ತು" ಎಂದೆ. ಅದು ಅವನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ. ಅವನ ಅರ್ಧ ಹೊಳಪು ಕಾಣದಿದ್ದರೆ ಮನೆಯವರ ರಕ್ತ ನೋಡುವ ಯೋಚನೆಯೇ ನಮಗೆ ಬರುತ್ತಿರಲಿಲ್ಲ.

ಅಜ್ಜಿ ನನ್ನ ತೋಳಿನ ಮೇಲಿನ ಹತ್ತಿಯನ್ನೇ ನೋಡುತ್ತಿದ್ದಳು. "ಅಲ್ಲಿಂದ ಬಂದು ಹಿಂಗ ಚುಚ್ಚಿಸ್ಕೋಬೇಕಾಗಿತ್ತೇನು?" ಎಂದು ಗೊಣಗಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಕೂಸಿನ ಕೊಡು. ಇದೊಂದು ಸಲ" ಎಂದಳು. ಸೂಜಿ ಹಾಕುವಾಗ ಮಾತ್ರ ಎದ್ದು ಹಿತ್ತಲಿಗೆ ಹೋದಳು.

ಎಲ್ಲರದೂ ಆದ ಮೇಲೆ ಟ್ಯೂಬುಗಳನ್ನು ಡಬ್ಬಿಗೆ ಇಟ್ಟೆ. ಸೋದರಮಾವ ಹುಬ್ಬಳ್ಳಿ ಬಸ್ಸು ಸಿಗುವ ತಡಸದವರೆಗೆ ಬೈಕಿನಲ್ಲಿ ಬಿಡುತ್ತೇನೆಂದ. ಡಬ್ಬಿ ನೋಡಿ, "ಬರ್ಫ್ ಬ್ಯಾಡೇನ್ರಿ? ದನಕ್ಕ ಚುಚ್ಚೂ ಲಸಿಕಿ ತರೂವಾಗ ಬರ್ಫ್ ಇಟ್ಟ ತರ್ತಾರ" ಎಂದ. ಈ ರಕ್ತಕ್ಕೆ ಬರ್ಫ್ ಆಗದು, ಬಿಸಿಲೂ ಆಗದು ಎಂದೆ. ಅವನು ತನ್ನ ಟವೆಲ್ಲನ್ನು ಡಬ್ಬಿಗೆ ನಾಲ್ಕು ಸುತ್ತು ಸುತ್ತಿಕೊಟ್ಟ. ಗುಂಡಿಗಳಲ್ಲಿ ಬೈಕನ್ನು ಎಷ್ಟು ಮೆಲ್ಲಗೆ ಇಳಿಸುತ್ತಿದ್ದನೆಂದರೆ, ಬಸ್ಸು ತಪ್ಪೀತೆಂದು ನನಗೇ ಚಡಪಡಿಕೆಯಾಗಿ ಬೆನ್ನಿಗೆ ತಿವಿದು, "ಸ್ವಲ್ಪ ಓಡಸೋ ಮಾರಾಯಾ" ಎನ್ನಬೇಕಾಯಿತು.

ಅಂದೇ ಎಲ್ಲವನ್ನೂ ಹಾಕಿದೆ. ಮೇಡಂ ಪಕ್ಕದಲ್ಲೇ ಕುಳಿತಿದ್ದರು. ನನ್ನ ಗುಡ್ಡ ಬಲಕ್ಕೆ. ತಾಯಿಯದು ನಡುವೆ. ತಂದೆಯದು ನಡುವೆ, ತಾಯಿಯದರ ಮೇಲೆ ಇಟ್ಟರೆ ಒಂದೇ ಎನ್ನುವ ಹಾಗೆ. ಸೋದರಮಾವನದು ಮತ್ತೆ ಅಲ್ಲೇ. ಕೂಸಿನದು ಎಡಕ್ಕೆ, ಒಂಟಿಯಾಗಿ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಮೇಡಂ ಸಹಿ ಮಾಡಿದರು. ಕೆಲಸ ಸರಿಯಾಗಿ ಮುಗಿದರೆ ನನಗೆ ಖುಷಿಯಾಗುವುದುಂಟು, ಅಂದು ಆಗಲಿಲ್ಲ. ಆ ತಾಯಿಯ ಮುಖ ನೋಡದೆ ಇದ್ದಿದ್ದರೆ ಆಗುತ್ತಿತ್ತೇನೋ.

ಉತ್ತರವನ್ನು ಹೇಳುವಾಗ ನಾನೂ ಇರಬೇಕೆಂದು ಡಾಕ್ಟರು ಕರೆದರು. ಅಜ್ಜಿ ಕೇಳಿದರೆ ಅಳತೆಯ ಮಾತನ್ನು ಹೇಳುವವರು ಬೇಕಲ್ಲ ಎಂದರು. ಶಿಗ್ಗಾಂವಿಯ ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಕುಳಿತಿದ್ದರು. ಡಾಕ್ಟರು ನಿಧಾನವಾಗಿ ಹೇಳಿದರು. ರೋಗ ಅದೇ, ಖಾತ್ರಿ. ಬೆಂಗಳೂರಿಗೆ ಹೋಗಬೇಕು. ಮನೆಯಲ್ಲಿ ಶಾಲೆಗೆ ಹೋಗುವ ಅಕ್ಕ ಇದ್ದಾಳೆ, ಅವಳ ಮಜ್ಜೆ ಹೊಂದುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ. ಉಳಿದೇ ಉಳಿಯುತ್ತದೆ ಎಂದು ಮಾತು ಕೊಡಲಾಗದು, ಇಲ್ಲೇ ಇಟ್ಟುಕೊಂಡರೆ ಮಾತ್ರ ಉಳಿಯುವುದು ಕಷ್ಟ.

ತಾಯಿ ಸದ್ದಿಲ್ಲದೆ ಅಳುತ್ತಿದ್ದಳು. ಎಲ್ಲರೂ ಅಜ್ಜಿಯ ಬಾಯಿಂದ ಏನು ಬರುತ್ತದೋ ಎಂದು ಕಾದರು. ಆಕೆ ಬೆಂಗಳೂರಿನ ಮಾತೇ ಎತ್ತಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಇದು ಹುಟ್ಟಿದ ಮ್ಯಾಲೆ ಬಂದದ್ದೋ, ಹುಟ್ಟೂವಾಗ ತಂದದ್ದೋ?"

"ಹೊಟ್ಯಾಗಿಂದನ ತಂದದ್ದಬೇ."

"ಬೂದಿ ಹಚ್ಚಿದ್ದಕ್ಕ ಬಂದದ್ದಲ್ಲ?"

"ಮೊದಲಿನ ಕೂಸಿನ ಹೊಕ್ಕಳಕ್ಕ ಬೂದಿ ಹಚ್ಚಿದಾಕಿ ನಾನ" ಎಂದಳು ಅಜ್ಜಿ. "ಊರಾಗ ಎಷ್ಟ ಕೂಸಿಗೆ ಎಣ್ಣಿ ತಿಕ್ಕಿ ನೀರು ಹಾಕೇನಿ, ಎಷ್ಟ ಹೊಕ್ಕಳಕ್ಕ ಬೂದಿ ಹಚ್ಚೇನಿ. ಎಲ್ಲಾ ಉದುರಿದ್ವು. ನನ್ನ ಮನೀದ ಉದುರಲಿಲ್ಲ. ಅವತ್ತಿಂದ ಯಾರ ಮನಿ ಕೂಸಿಗೂ ನೀರು ಹಾಕಾಕ ಹೋಗಿಲ್ಲ. ಇದನ್ನೂ ನಾ ಮುಟ್ಟಿಲ್ಲ. ಮುಟ್ಟಿದ್ರ ಇದೂ ಹೋದೀತು ಅಂತ. ಹುಬ್ಬಳ್ಳಿಗೆ ಒಯ್ಯೂವಾಗ ಆ ಮೊದಲಿನ ಕೂಸು ನನ್ನ ತೊಡೀ ಮ್ಯಾಲ ಹೋತು."

ಡಾಕ್ಟರು ನನ್ನನ್ನು ನೋಡಿದರು. ಸುಳ್ಳು ಹೇಳಲು ನನಗೆ ಮನಸ್ಸಿರಲಿಲ್ಲ. "ಬೂದಿ ಹಚ್ಚೂದು ಚಲೋ ಅಲ್ಲ, ಅದು ಬ್ಯಾರೆ ಮಾತು. ಯಾರಿಗೂ ಹಚ್ಚಬ್ಯಾಡ್ರಿ. ಆದ್ರ ಈ ರೋಗ ಅದರಿಂದ ಬಂದದ್ದಲ್ಲ. ಇದು ತಂದೀದು ಅರ್ಧ, ತಾಯಿದು ಅರ್ಧ ಕೂಡಿ ಬಂದದ್ದು. ನಿಮ್ಮ ಮಗಗೂ ಸೊಸಿಗೂ ನಿಮ್ಮ ತವರಿನ ಕಡಿಂದನ ಬಂದಿರಬೇಕು. ನಿಮ್ಮ ಮೈಯಾಗೂ ಅರ್ಧ ಇರಬಹುದು. ಅದು ಯಾರಿಗೂ ಗೊತ್ತಾಗಂಗಿಲ್ಲ, ಯಾರೂ ಮಾಡಿದ್ದಲ್ಲ."

ತಮ್ಮನ ಮಗಳನ್ನು ತಂದುಕೊಂಡವಳು ತಾನೇ ಎಂಬುದೂ ಆಕೆಗೆ ಹೊಳೆಯದೆ ಇರಲಿಲ್ಲ. ನಾನು ಹೇಳಿದ್ದು ಹೆಚ್ಚಾಯಿತೇನೋ ಎಂದು ನನಗೆ ಭಯವಾಯಿತು.

"ಬಂದದ್ದು ಬ್ಯಾರೆ, ಮಾಡಿದ್ದು ಬ್ಯಾರೆ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಎದ್ದು ಮೂಲೆಯ ನಲ್ಲಿಯ ಹತ್ತಿರ ಹೋಗಿ ಡಾಕ್ಟರರ ಸಾಬೂನಿನಿಂದ ಮೊಣಕೈವರೆಗೆ ಕೈ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡು ಬಂದು ಸೊಸೆಯ ಮುಂದೆ ಎರಡೂ ಕೈ ಚಾಚಿದಳು. ಸೊಸೆ ಕೂಸನ್ನು ಕೊಟ್ಟಳು. ಅಜ್ಜಿ ಅದನ್ನು ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿ, ಕುತ್ತಿಗೆ, ಕಂಕುಳು, ತೊಡೆಯ ಸಂದಿ ಎಲ್ಲವನ್ನೂ ಬೆರಳಿನಿಂದ ಬಿಡಿಸಿ ನೋಡಿದಳು.

"ಸಂದಿ ಎಲ್ಲಾ ತೊಳೀದ ಹಂಗ ಬಿಟ್ಟೀಯಲ್ಲ" ಎಂದು ಸೊಸೆಯನ್ನು ಗದರಿದಳು. ಆಮೇಲೆ ಮಗನ ಕಡೆ ನೋಡಿ ಹೇಳಿದಳು: "ಬೆಂಗಳೂರಿಗೆ ನಾನೂ ಬರ್ತೇನಿ. ಅಲ್ಲಿ ಕೂಸಿಗೆ ನೀರು ಹಾಕೋರು ಯಾರದಾರ?"